17ಕ್ಕೆ 66 ಸೇರಿದರೆ

ಮರವಂತೆಯಲ್ಲಿ ಹೆದ್ದಾರಿಯ ಪಡುವಣಕ್ಕೆ ಅರಬ್ಬಿ ಕಡಲು, ಮೂಡಣಕ್ಕೆ ಸೌಪರ್ಣಿಕಾ. ನಡುವಿನ ಈ ರಸ್ತೆ ಮೊದಲು ರಾಷ್ಟ್ರೀಯ ಹೆದ್ದಾರಿ 17 ಆಗಿತ್ತು, ಈಗ 66. ಎರಡನ್ನೂ ಕೂಡಿಸಿ 83 ಎನ್ನುವವರಿಲ್ಲ; ಅವು ಅಂಕಿಯಲ್ಲಿ ಬರೆದ ಹೆಸರುಗಳು. ವೆಬ್ ಪುಟಗಳ ಭಾಷೆಯಾದ ಜಾವಾಸ್ಕ್ರಿಪ್ಟಿಗೆ ಮಾತ್ರ ಇದು ತಿಳಿಯದು. ಕೂಡಿಸಲು ಎರಡನ್ನೂ ಸಂಖ್ಯೆಯಾಗಿ ಕೊಟ್ಟರೆ 83 ಎನ್ನುತ್ತದೆ; ಒಂದನ್ನು ಉದ್ಧರಣ ಚಿಹ್ನೆಯೊಳಗಿಟ್ಟರೆ ಸದ್ದಿಲ್ಲದೆ 1766 ಎಂದು ಅಂಟಿಸಿಕೊಡುತ್ತದೆ.

1995ರಲ್ಲಿ ನೆಟ್‌ಸ್ಕೇಪ್‌ನ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಇದರ ಮೊದಲ ರೂಪ ಕಟ್ಟಿದರು. ಪುಟ ಕಟ್ಟುವ ಹೊಸಬರೂ ಬಳಸಲೆಂದು ಉದಾರವಾಗಿ ಮಾಡಿದ ಭಾಷೆಯಿದು: ಪಠ್ಯ ಬೇಕಾದ ಕಡೆ ಏನೇ ಬಂದರೂ ಪಠ್ಯವಾಗಿಸಿಬಿಡುತ್ತದೆ. ಪಟ್ಟಿ ಕೊಟ್ಟರೆ ಅಲ್ಪವಿರಾಮಗಳ ಸಾಲು, ಖಾಲಿ ಪಟ್ಟಿ ಕೊಟ್ಟರೆ ಬರೀ ಖಾಲಿ. ಗಿರಾಕಿಯ ಹೆಸರು ಸಿಗದಿದ್ದರೆ ರಶೀದಿಯ ಮೇಲೆ 'ಅನ್‌ಡಿಫೈನ್ಡ್' ಎಂಬ ಮಹಾಶಯರು ಕಾಣಿಸಿಕೊಳ್ಳುತ್ತಾರೆ. ಈ ಔದಾರ್ಯ ದುಬಾರಿಯದು. 2015ರಲ್ಲಿ ಸೇರಿದ 'ಸಿಂಬಲ್' ಎಂಬ ಬಗೆ ಹೀಗೆ ತಾನಾಗಿ ಪಠ್ಯವಾಗಲು ಒಪ್ಪುವುದಿಲ್ಲ, ದೋಷವೆಂದು ನಿಂತುಬಿಡುತ್ತದೆ. ಹಳೆಯ ಬಗೆಗಳಿಗೂ ಇಷ್ಟು ಹಟ ಇರಬೇಕಿತ್ತು.

ಹಾಗೆಂದು 'ಸ್ಟ್ರಿಂಗ್', ಅಂದರೆ ಪಠ್ಯವಾಗಿಸು, ಎಂದು ಬಾಯಿಬಿಟ್ಟು ಕೇಳಿದರೆ ಎಲ್ಲ ಸರಿಹೋಗುವುದೂ ಇಲ್ಲ. ಕುಂದಾಪುರದ ಎಸ್‌ಟಿಡಿ ಕೋಡ್ 08254 ಒಮ್ಮೆ ಸಂಖ್ಯೆಯಾಯಿತೆಂದರೆ ಮತ್ತೆ ಪಠ್ಯವಾಗುವಾಗ ಬರುವುದು 8254. ಬಿದ್ದ ಸೊನ್ನೆ ಮರಳಿ ಬರದು.

ದಿನಾಂಕದ ಪಾಡು ಇದಕ್ಕಿಂತ ಕಷ್ಟ. ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷೇಧ. ಗಂಗೊಳ್ಳಿಯ ಬೋಟುಗಳಿಗೆ ಆಗಸ್ಟ್ 1ರಿಂದ ಕಡಲು ಮುಕ್ತ ಎಂದು ತೋರಿಸುವ ಪುಟವೊಂದನ್ನು ಊಹಿಸಿಕೊಳ್ಳಿ. ಭಾರತದ ಸಮಯಕ್ಕೆ ಹೊಂದಿಸಿದ ಕಂಪ್ಯೂಟರಿನಲ್ಲಿ 2025ರ ಆಗಸ್ಟ್ 1ರ ನಡುರಾತ್ರಿಯನ್ನು ದಿನಾಂಕವಾಗಿ ಕಟ್ಟಿ, 'ಟು ಐಎಸ್‌ಒ ಸ್ಟ್ರಿಂಗ್' ಮೂಲಕ ಪಠ್ಯವಾಗಿಸಿದರೆ ಸಿಗುವುದು ಜುಲೈ 31, ಸಂಜೆ 6.30. ಲೆಕ್ಕವೇನೋ ಸರಿ: ಅದು ಬರೆಯುವುದು ಗ್ರೀನಿಚ್ ಸಮಯ, ಗ್ರೀನಿಚ್‌ಗಿಂತ ನಾವು ಐದೂವರೆ ಗಂಟೆ ಮುಂದೆ. ಆದರೆ ದಿನಾಂಕವಿರುವ ಮೊದಲ ಹತ್ತು ಅಕ್ಷರಗಳನ್ನಷ್ಟೇ ಕತ್ತರಿಸಿ ಪುಟಕ್ಕೆ ಹಾಕುವುದು ಅನೇಕರ ರೂಢಿ; ಆಗ ಕಡಲು ಒಂದು ದಿನ ಮೊದಲೇ ತೆರೆದುಕೊಳ್ಳುತ್ತದೆ. ಲಂಡನ್ನಿನಲ್ಲಿ ಚಳಿಗಾಲದ ದಿನಾಂಕ ಕೊಟ್ಟು ಪರೀಕ್ಷಿಸಿದವರಿಗೆ ಇಂಥ ತಪ್ಪು ಕಾಣುವುದೂ ಇಲ್ಲ.

ಇಲ್ಲಿ ದೂರಬೇಕಾದ್ದು ಭಾಷೆಯನ್ನಲ್ಲ, ಬರೆದವರನ್ನು. ನಿಷೇಧ ಮುಗಿಯುವುದು ಕ್ಯಾಲೆಂಡರಿನ ಒಂದು ದಿನಕ್ಕೆ; ಅವರು ಅದನ್ನು ಜಗತ್ತಿನ ಗಡಿಯಾರದ ಒಂದು ಕ್ಷಣವಾಗಿಸಿ, ಆ ಕ್ಷಣವನ್ನು ಮತ್ತೆ ದಿನವಾಗಿ ಓದಿದರು. '2025-08-01' ಎಂಬುದನ್ನು ಮೊದಲಿನಿಂದಲೂ ಪಠ್ಯವಾಗಿಯೇ ಇಟ್ಟಿದ್ದರೆ ಪರಿವರ್ತನೆಯ ಮಾತೇ ಬರುತ್ತಿರಲಿಲ್ಲ.