ಮರದ ಗುಮ್ಮಟವೂ ಅದರ ವಿವರಪಟ್ಟಿಯೂ

ಕಟ್ಟಡವನ್ನು ಕಟ್ಟುವುದಕ್ಕೆ ಮುಂಚೆ ಅದರ ಚಿಕ್ಕ ರೂಪವನ್ನು ಮರದಲ್ಲಿ ಮಾಡಿಸಿ ಯಜಮಾನನ ಮುಂದಿಡುವ ಪದ್ಧತಿ ಇಟಲಿಯ ಪುನರುಜ್ಜೀವನ ಕಾಲದಲ್ಲಿ ಬಹಳವಾಗಿ ಬಳಕೆಯಲ್ಲಿದ್ದಿತು. ಆ ಮಾದರಿಗಳಲ್ಲಿ ಬಹುಪಾಲು ಕಾಲನ ಪಾಲಾದುವು, ಉಳಿದಿರುವುವು ಕೆಲವೇ. ಉಳಿದವುಗಳಲ್ಲಿ ವಿದ್ವಾಂಸರನ್ನು ಬಹಳವಾಗಿ ಕಾಡಿರುವುದು ವ್ಯಾಟಿಕನ್ನಿನಲ್ಲಿರುವ ಒಂದು ಮಾದರಿ; ರೋಮಿನ ಸಂತ ಪೀಟರರ ದೇವಾಲಯದ ಗುಮ್ಮಟವನ್ನು ತೋರಿಸುವಂಥದು. ಇದನ್ನು ಪಟ್ಟಿಗೆ ಸೇರಿಸುವವರು ರೂಢಿಯಂತೆ ಮೂರು ಸಂಗತಿಗಳನ್ನು ಬರೆದು ಕೈ ತೊಳೆದುಕೊಳ್ಳುತ್ತಾರೆ: ಕರ್ತೃ ಮೈಕೆಲೇಂಜೆಲೊ, ಕಾಲ ೧೫೫೮ರಿಂದ ೧೫೬೧, ದ್ರವ್ಯ ಲಿಂಡನ್ ಮರ. ಈ ಮೂರರಲ್ಲಿ ಒಂದೊಂದನ್ನೂ ಬಿಡಿಯಾಗಿ ನೋಡಿದರೆ ಸುಳ್ಳೆನ್ನುವಂತಿಲ್ಲ. ಮೂರನ್ನೂ ಕೂಡಿಸಿ ಓದಿದವನು ಮಾತ್ರ ಸುಳ್ಳನ್ನೇ ನಂಬುತ್ತಾನೆ. ಇಂಥ ನಮೂದು ಹೇಗಿರಬೇಕೆಂಬುದು ಬರಿಯ ಗುಮಾಸ್ತಿಕೆಯ ಮಾತಲ್ಲವೆಂಬುದಕ್ಕೆ ಇದೊಂದೇ ನಿದರ್ಶನ ಸಾಕು.

ಮೊದಲು ಒಂದು ಶಬ್ದದ ವಿಚಾರ. ಇಂಥ ವಸ್ತುವನ್ನು ಕೆಲವರು ಪ್ರತಿಕೃತಿಯೆಂದು ಕರೆಯುವುದುಂಟು. ಪ್ರತಿಕೃತಿಯೆಂದರೆ ಮೂಲವು ಮೊದಲೇ ಇದ್ದು, ಅದನ್ನು ನೋಡಿ ಮಾಡಿದುದು. ಮಾದರಿಯಾದರೋ ಮೂಲಕ್ಕಿಂತ ಮೊದಲು ಹುಟ್ಟುತ್ತದೆ. ಮೂಲವು ಹುಟ್ಟದೆಯೇ ಹೋಗಬಹುದು. ಹುಟ್ಟಿದರೂ ಬೇರೆ ರೂಪದಲ್ಲಿ ಹುಟ್ಟಬಹುದು. ಮುಗಿದ ವಿಗ್ರಹವನ್ನೋ ಚಿತ್ರವನ್ನೋ ಪಟ್ಟಿಮಾಡುವ ಕ್ರಮದಲ್ಲಿಯೇ ಇದನ್ನೂ ಪಟ್ಟಿಮಾಡಹೊರಟರೆ ಎಡವುವುದು ಇಲ್ಲಿಯೇ.

ಗುಮ್ಮಟದ ಮಾದರಿಯ ಚರಿತ್ರೆ ಹೀಗಿದೆ. ದೇವಾಲಯದ ಕಟ್ಟಡದ ಹೊಣೆ ಮೈಕೆಲೇಂಜೆಲೊವಿನ ಹೆಗಲಿಗೆ ಬಿದ್ದುದು ಅಂತೋನಿಯೊ ದ ಸಂಗಾಲ್ಲೊ ೧೫೪೬ರಲ್ಲಿ ತೀರಿಕೊಂಡ ಮೇಲೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಅವನು ಮುಪ್ಪಿನ ಮುದುಕನಾದನು. ಅವನು ಕಣ್ಣು ಮುಚ್ಚಿದರೆ ಗುಮ್ಮಟದ ಕಲ್ಪನೆಯೂ ಅವನೊಡನೆಯೇ ಮಣ್ಣಾಗುವುದೆಂದು ಸ್ನೇಹಿತರು ಒತ್ತಾಯಮಾಡಲು, ಮೊದಲು ಜೇಡಿಮಣ್ಣಿನಲ್ಲಿ ಒಂದು ಚಿಕ್ಕ ಮಾದರಿಯನ್ನು ಮಾಡಿದನು. ಆಮೇಲೆ, ಎಂಬತ್ತಮೂರರ ವಯಸ್ಸಿನಲ್ಲಿ, ಮರದ ಮಾದರಿಯನ್ನು ಆರಂಭಿಸಿದನು. ಕೆಲಸ ನಡೆದುದು ಜೋವಾನ್ನಿ ಫ್ರಾಂಚೇಸೆ ಎಂಬ ಕುಶಲಿಯ ಕೈಯಲ್ಲಿ. ಅಳತೆ ಹದಿನೈದಕ್ಕೆ ಒಂದು. ಗುಮ್ಮಟವನ್ನು ಹೊರುವ ದುಂಡು ಗೋಡೆ, ಜೋಡಿಕಂಬಗಳು, ಕಿಟಕಿಗಳು, ಒಂದರೊಳಗೊಂದು ಅಡಗಿರುವ ಚಿಪ್ಪುಗಳು, ಇವೆಲ್ಲ ಕಲ್ಲುಕುಟಿಗನಿಗೆ ಸಂದೇಹಕ್ಕೆಡೆಯಿಲ್ಲದಂತೆ ಅದರಲ್ಲಿ ಕಾಣುತ್ತವೆ. ಇದು ನೋಡಿ ಸಂತೋಷಪಡಲು ಮಾಡಿದ ಆಟಿಕೆಯಲ್ಲ. ಸಾಯಲಿರುವವನು ಬರೆದಿಟ್ಟ ಉಯಿಲು.

ಉಯಿಲನ್ನು ಮುಂದೆ ಬಂದವರು ತಿದ್ದಿದರು. ೧೫೬೪ರಲ್ಲಿ ಮೈಕೆಲೇಂಜೆಲೊ ಮಡಿದಾಗ ದುಂಡು ಗೋಡೆಯ ಕೆಲಸ ಬಹುಮಟ್ಟಿಗೆ ಆಗಿದ್ದಿತು, ಗುಮ್ಮಟ ಎದ್ದಿರಲಿಲ್ಲ. ಅದನ್ನು ೧೫೮೮ರಿಂದ ೧೫೯೦ರೊಳಗಾಗಿ, ಪೋಪ್ ಐದನೆಯ ಸಿಕ್ಸ್ಟಸನ ಕಾಲದಲ್ಲಿ ಎಬ್ಬಿಸಿದವರು ಜಾಕೊಮೊ ದೆಲ್ಲ ಪೋರ್ತ ಮತ್ತು ದೊಮೇನಿಕೊ ಫೊಂತಾನ. ಇಂದು ರೋಮಿನ ಆಕಾಶದಲ್ಲಿ ಕಾಣುವ ಗುಮ್ಮಟವು ಅರ್ಧಗೋಲವಲ್ಲ; ಮೇಲೆ ಹೋದಂತೆಲ್ಲ ತುಸು ನೀಳವಾಗಿ, ಮೊನೆಯ ಕಡೆಗೆ ಚಿಮ್ಮಿ ನಿಂತಿದೆ. ಎತ್ತರಿಸಿದ ಬಾಗು ಅಡಿಯ ಗೋಡೆಯನ್ನು ಹೊರಕ್ಕೆ ತಳ್ಳುವುದು ಕಡಮೆ. ಕಟ್ಟುವವನಿಗೆ ಅದರಿಂದ ನಿಶ್ಚಿಂತೆ. ದೆಲ್ಲ ಪೋರ್ತನು ತನ್ನ ಬಾಗಿಗೆ ಹೊಂದುವಂತೆ ಮಾದರಿಯ ಹೊರಚಿಪ್ಪನ್ನೂ ಬದಲಾಯಿಸಿದನು. ಮುಂದೆ ೧೭೪೦ರ ದಶಕದಲ್ಲಿ ಗುಮ್ಮಟದ ಬಿರುಕುಗಳು ಎಲ್ಲರನ್ನೂ ದಿಗಿಲುಗೊಳಿಸಿದುವು. ಮೂವರು ಗಣಿತಜ್ಞರು ೧೭೪೨ರಲ್ಲಿ ವರದಿ ಒಪ್ಪಿಸಿದರು. ಪಾದುವದ ಪೊಲೇನಿಯ ಸಲಹೆಯಂತೆ ಗುಮ್ಮಟಕ್ಕೆ ಹೊಸದಾಗಿ ಕಬ್ಬಿಣದ ಪಟ್ಟಿಗಳನ್ನು ತೊಡಿಸಿದರು. ಆ ಕೆಲಸವನ್ನು ನಡಸಿದ ವಾನ್ವಿತೆಲ್ಲಿಯ ಕೈಯೂ ಮಾದರಿಗೆ ತಾಗಿತು.

ಹೀಗಿರುವಲ್ಲಿ ಒಬ್ಬನ ಹೆಸರನ್ನೂ ಮೂರು ವರ್ಷಗಳ ಅವಧಿಯನ್ನೂ ಬರೆದ ಚೀಟಿಯನ್ನು ಓದಿ ತಲೆಯೆತ್ತಿ ನೋಡುವವನು ಏನೆಂದು ತಿಳಿಯುವನು? ಕಣ್ಣೆದುರಿಗಿರುವ ನೀಳವಾದ ಹೊರರೇಖೆಯನ್ನು ಮೈಕೆಲೇಂಜೆಲೊ ೧೫೬೧ರಲ್ಲಿಯೇ ನಿಶ್ಚಯಿಸಿದ್ದನೆಂದೂ, ಮುಂದಿನವರು ಅದನ್ನು ಭಯಭಕ್ತಿಯಿಂದ ಕಲ್ಲಿಗೆ ಇಳಿಸಿದರೆಂದೂ ತಿಳಿಯುವನು. ಮಾದರಿಯು ಕಟ್ಟಡಕ್ಕೆ ಸಾಕ್ಷಿ, ಕಟ್ಟಡವು ಮಾದರಿಗೆ ಸಾಕ್ಷಿ! ವಾಸ್ತವದಲ್ಲಿ ಎರಡು ಸಾಕ್ಷಿಗಳನ್ನೂ ಸಿದ್ಧಮಾಡಿದವನು ದೆಲ್ಲ ಪೋರ್ತನೇ. ಗುಮ್ಮಟದ ಬಾಗು ಯಾರದೆಂಬ ದೊಡ್ಡ ಪ್ರಶ್ನೆಯಲ್ಲಿ ತೀರ್ಪು ಅರಿವಿಲ್ಲದೆಯೇ ಒಂದು ಚೀಟಿಯ ಮೇಲೆ ಬರೆದುಹೋಗುತ್ತದೆ.

ವಿಚಿತ್ರವೆಂದರೆ ಈ ವಸ್ತುವಿಗೆ ಒಳ್ಳೆಯ ನಮೂದು ಮೊದಲೇ ಇತ್ತು. ವಸಾರಿಯು ತನ್ನ ಕಲಾವಿದರ ಚರಿತ್ರೆಯ ಎರಡನೆಯ ಮುದ್ರಣದಲ್ಲಿ, ೧೫೬೮ರಲ್ಲಿ, ಈ ಮಾದರಿಯನ್ನು ಬಹು ದೀರ್ಘವಾಗಿ ವರ್ಣಿಸಿದ್ದಾನೆ. ಸಾಮಾನ್ಯವಾಗಿ ಅವನ ಬರವಣಿಗೆಯಲ್ಲಿ ಕಥೆಯೂ ಸ್ತುತಿಯೂ ಧಾರಾಳ. ಇಲ್ಲಿ ಮಾತ್ರ ಅವನು ಲೆಕ್ಕಿಗನಂತೆ ಬರೆಯುತ್ತಾನೆ. ಗೋಡೆಯ ದಪ್ಪವೆಷ್ಟು, ಮೆಟ್ಟಿಲುಗಳು ಎಲ್ಲಿ, ಚಿಪ್ಪುಗಳು ಮೂರು, ಅವುಗಳ ಬಾಗುಗಳನ್ನು ಎಳೆಯಲು ಕೈವಾರದ ಮೊನೆಯನ್ನು ಎಲ್ಲೆಲ್ಲಿ ಊರಬೇಕು ಎಂಬವರೆಗೆ ಹೇಳುತ್ತಾನೆ. ಸರಸವಾದ ಗ್ರಂಥದ ನಡುವೆ ಈ ಪುಟಗಳು ಓದುಗನಿಗೆ ಬೇಸರ ಹುಟ್ಟಿಸುವುದು ನಿಜ. ಆದರೆ ದೆಲ್ಲ ಪೋರ್ತನು ಕೈಯಿಡುವುದಕ್ಕೆ ಇಪ್ಪತ್ತು ವರ್ಷ ಮೊದಲೇ ಮಾದರಿಯಲ್ಲಿ ಏನಿದ್ದಿತೆಂಬುದಕ್ಕೆ ಆ ಬೇಸರದ ಪುಟಗಳೇ ಆಧಾರ. ದ್ಯುಪೆರಾಕನು ಆ ಸುಮಾರಿನಲ್ಲಿಯೇ ತಾಮ್ರದ ತಗಡಿನಲ್ಲಿ ಕೆತ್ತಿ ಪ್ರಕಟಿಸಿದ ಚಿತ್ರಗಳಲ್ಲಿಯೂ ಗುಮ್ಮಟವು ಅರ್ಧಗೋಲವಾಗಿಯೇ ಇದೆ. ಮಾದರಿಯ ಒಳಚಿಪ್ಪು ಇಂದಿಗೂ ಅರ್ಧಗೋಲವೇ. ವಸ್ತುವನ್ನು ಇಷ್ಟು ಸಾಕ್ಷ್ಯಗಳ ಪಕ್ಕದಲ್ಲಿಟ್ಟು ನೋಡದವನು ಸೆಂಟಿಮೀಟರುಗಳನ್ನು ಎಷ್ಟು ಸೂಕ್ಷ್ಮವಾಗಿ ಅಳೆದರೇನು? ಅಳತೆಯ ಮಾತು ಬಂದುದರಿಂದ ಇನ್ನೊಂದು: ಆ ಬಡಗಿಗಳು ಅಳೆಯುತ್ತಿದ್ದುದು ಸುಮಾರು ೨೨ ಸೆಂಟಿಮೀಟರಿನ ರೋಮನ್ ಗೇಣಿನಲ್ಲಿ. ಇಂದಿನ ಅಳತೆಯಲ್ಲಿ ತಲೆಬುಡವಿಲ್ಲದಂತೆ ತೋರುವ ಎಷ್ಟೋ ಅಂಕಿಗಳು ಗೇಣಿಗೆ ತಿರುಗಿಸಿದಾಗ ಅರ್ಥಗೊಡುವುವು.

ಹಾಗೆಂದು ಅರ್ಧಗೋಲವೇ ಮೈಕೆಲೇಂಜೆಲೊವಿನ ಕಡೆಯ ಮಾತೆಂದು ಬರೆದುಬಿಟ್ಟರೂ ಅವಸರವೇ ಆಗುವುದು. ಲೀಲ್ ಮತ್ತು ಹಾರ್ಲೆಮ್ ನಗರಗಳಲ್ಲಿರುವ ಅವನ ಕೈಚಿತ್ರಗಳನ್ನು ನೋಡಿದರೆ, ಎತ್ತರಿಸಿದ ಬಾಗನ್ನೂ ಅವನು ತೂಗಿ ನೋಡಿದ್ದನೆಂಬುದು ಸ್ಪಷ್ಟ. ಫ್ಲಾರೆನ್ಸಿನ ಬ್ರೂನೆಲ್ಲೆಸ್ಕಿಯ ಗುಮ್ಮಟ ಅವನ ಕಣ್ಣ ಮುಂದೆ ಸದಾ ಇದ್ದಿತು. ಕಟ್ಟುವ ದಿನದವರೆಗೂ ತಿದ್ದುತ್ತಲೇ ಇರುವ ಸ್ವಭಾವ ಅವನದು. ಆದುದರಿಂದ ದೆಲ್ಲ ಪೋರ್ತನನ್ನು ಗುರುದ್ರೋಹಿಯೆಂದು ಬೈಯುವವರೂ ಪಟ್ಟಿಯ ಪ್ರಮಾಣವನ್ನು ಮೀರುತ್ತಾರೆ. ಮಾದರಿಯು ಹೇಳುವುದು ೧೫೬೧ರ ಹೊತ್ತಿಗೆ ಆ ಮುದುಕನು ಯಾವುದನ್ನು ಮುಂದಿಟ್ಟನೆಂಬುದನ್ನು ಮಾತ್ರ.

ಇದೇ ದೇವಾಲಯಕ್ಕಾಗಿ ಸಂಗಾಲ್ಲೊ ಮಾಡಿಸಿದ ಮಾದರಿಯನ್ನು ಇದರೊಡನೆ ಹೋಲಿಸಿದರೆ ಕರ್ತೃತ್ವದ ತೊಡಕು ಇನ್ನೊಂದು ಮುಖದಿಂದ ಕಾಣುವುದು. ಅವನ ಶಿಷ್ಯ ಲಬಾಕ್ಕೊ ೧೫೩೯ರಿಂದ ೧೫೪೬ರವರೆಗೆ ಅದನ್ನು ನಿರ್ಮಿಸಿದನು. ಉದ್ದ ೭ ಮೀಟರಿಗೆ ಮಿಕ್ಕಿದೆ, ಅಗಲ ಸುಮಾರು ೬. ಮನುಷ್ಯನು ಒಳಹೊಕ್ಕು ನಿಂತು ನೋಡಬಹುದು. ಖರ್ಚು ೪,೧೮೪ ಸ್ಕೂದಿಯೆಂದು ವಸಾರಿಯ ಲೆಕ್ಕ. ಮೈಕೆಲೇಂಜೆಲೊ ಅದಕ್ಕೆ ಎದುರಾಗಿ ಹದಿನೈದೇ ದಿನಗಳಲ್ಲಿ, ೨೫ ಸ್ಕೂದಿಯಲ್ಲಿ, ಬೇರೊಂದನ್ನು ಮಾಡಿಸಿದನಂತೆ, ಅದು ಉಳಿದಿಲ್ಲ. ಸಂಗಾಲ್ಲೊವಿನ ಪಕ್ಷದವರು ತಮ್ಮ ಮಾದರಿಯು ಎಂದೂ ಮೇವು ಬತ್ತದ ಹುಲ್ಲುಗಾವಲೆಂದು ಹೊಗಳಿದಾಗ, ಕಲೆಯರಿಯದ ಕುರಿ ಎತ್ತುಗಳಿಗೆ ಅದು ದಿಟವೆಂದು ಅವನು ಚುಚ್ಚಿದನೆಂಬ ಕಥೆಯೂ ಉಂಟು. ಇದರಲ್ಲಿ ಮತ್ಸರದ ಪಾಲೆಷ್ಟಾದರೂ ಇರಲಿ, ಬೆಲೆಯೆಂಬುದು ನಮೂದಿನಲ್ಲಿ ಇರಲೇಬೇಕಾದ ಸಂಗತಿ. ಮಾದರಿಗೆ ಬಣ್ಣ ಬೆಡಗು ಕೂಡದು, ಅದು ನೋಡುವವನ ಗಮನವನ್ನು ಕಲ್ಪನೆಯಿಂದ ಕೈಚಳಕದ ಕಡೆಗೆ ಸೆಳೆದುಬಿಡುತ್ತದೆ ಎಂಬುದು ಹದಿನೈದನೆಯ ಶತಮಾನದಲ್ಲಿಯೇ ಆಲ್ಬೆರ್ತಿಯು ಹೇಳಿದ್ದ ಎಚ್ಚರಿಕೆ. ಏಳು ವರ್ಷ, ನಾಲ್ಕು ಸಾವಿರ ಸ್ಕೂದಿ, ಕೊನೆಗೆ ಕಟ್ಟದೇ ಉಳಿದ ದೇವಾಲಯ: ಇಲ್ಲಿ ಲಬಾಕ್ಕೊವಿನ ಹೆಸರನ್ನು ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಅಡಗಿಸಿಡುವುದು ನ್ಯಾಯವಲ್ಲ. ವಸ್ತುವು ಅವನದು, ಕಲ್ಪನೆ ಸಂಗಾಲ್ಲೊವಿನದು.

ಇಲ್ಲದುದನ್ನೂ ದಾಖಲಿಸಬೇಕಾಗುವುದು. ಫ್ಲಾರೆನ್ಸಿನ ಸಾನ್ ಲೊರೆಂತ್ಸೊ ದೇವಾಲಯದ ಮುಂಭಾಗಕ್ಕಾಗಿ ಮಾಡಿದ ಮರದ ಮಾದರಿಯೊಂದು ಬ್ಯುವೊನರ್ರೋತಿ ಮನೆತನದ ಮಂದಿರದಲ್ಲಿದೆ. ೧೫೧೭ರ ಕೊನೆಯಲ್ಲಿ ಮೈಕೆಲೇಂಜೆಲೊ ರೋಮಿಗೆ ಕಳುಹಿಸಿದ ಮಾದರಿಯಲ್ಲಿ ಮೇಣದ ಬೊಂಬೆಗಳಿದ್ದುವು, ಇದರಲ್ಲಿ ಬೊಂಬೆಗಳಿಲ್ಲ. ಎರಡೂ ಒಂದೆಯೋ ಬೇರೆಯೋ ಎಂಬ ಚರ್ಚೆಯನ್ನು ಬರಿದಾದ ಆ ಗೂಡುಗಳಿಂದಲೇ ತೊಡಗಬೇಕಾಗಿದೆ. ಮುಂಭಾಗವಂತೂ ಇಂದಿಗೂ ಬೋಳು ಗೋಡೆ.

ಇಂಥ ಚದುರಿದ ಮಾದರಿಗಳನ್ನು ಒಂದೆಡೆ ಸೇರಿಸಿ ತೋರಿಸಿದ ಮಹಾಪ್ರದರ್ಶನ ೧೯೯೪ರಲ್ಲಿ ವೆನಿಸಿನ ಪಲಾತ್ಸೊ ಗ್ರಾಸ್ಸಿಯಲ್ಲಿ ನಡೆಯಿತು. ಅದರ ಸಂಪಾದಕರು ಹೆನ್ರಿ ಮಿಲ್ಲನ್ ಮತ್ತು ಲಂಪುನ್ಯಾನಿ. ಆಗ ಬಂದ ಬೃಹತ್ ಕ್ಯಾಟಲಾಗು ಈ ಕ್ಷೇತ್ರದಲ್ಲಿ ಕೆಲಸಮಾಡುವವರಿಗೆ ಅನಿವಾರ್ಯವಾದ ಗ್ರಂಥ. ಮಾದರಿಯನ್ನು ಸ್ವತಂತ್ರವಾದ ಅಧ್ಯಯನವಸ್ತುವೆಂದು ಎತ್ತಿಹಿಡಿದ ಕೀರ್ತಿ ಅದಕ್ಕೆ ಸಲ್ಲಬೇಕು. ಆದರೆ ಪಾಂಡಿತ್ಯವು ಗ್ರಂಥದಲ್ಲಿಯೇ ಉಳಿದು, ಚೀಟಿಯು ಹಳೆಯ ಹಾದಿಯಲ್ಲಿಯೇ ನಡೆಯುವುದು ವಸ್ತುಸಂಗ್ರಹಗಳ ಲೋಕದಲ್ಲಿ ಸಾಮಾನ್ಯ. ಇದಕ್ಕೆ ಎದುರಾದ ದೋಷವೊಂದುಂಟು: ತಪ್ಪು ಹೊರೆಯಬಾರದೆಂದು ಎಲ್ಲದಕ್ಕೂ ‘ಆರೋಪಿತ’ವೆಂಬ ಮಾತನ್ನು ಅಂಟಿಸಿ, ಹಾವೂ ಸಾಯದಂತೆ ಕೋಲೂ ಮುರಿಯದಂತೆ ಬರೆಯುವುದು. ಅದು ವಿನಯವಲ್ಲ, ಆಲಸ್ಯ. ಯಾವ ಭಾಗ ಯಾರದೆಂದು ಬಿಡಿಸಿ ಹೇಳಲು ಸಾಧ್ಯವಿರುವಲ್ಲಿ ಹೇಳುವ ಧೈರ್ಯ ಬೇಕು.

ಗುಮ್ಮಟದ ಮಾದರಿಯ ವಿಷಯದಲ್ಲಿ ಅದು ಸಾಧ್ಯವಿದೆ, ಹೆಚ್ಚು ಮಾತೂ ಬೇಕಿಲ್ಲ. ದುಂಡು ಗೋಡೆ ಮತ್ತು ಒಳಚಿಪ್ಪು: ಮೈಕೆಲೇಂಜೆಲೊವಿನ ಕಲ್ಪನೆ, ಜೋವಾನ್ನಿ ಫ್ರಾಂಚೇಸೆಯ ಕೆಲಸ, ೧೫೫೮–೧೫೬೧. ಹೊರಚಿಪ್ಪು: ಜಾಕೊಮೊ ದೆಲ್ಲ ಪೋರ್ತನು ಬದಲಾಯಿಸಿದುದು, ಹದಿನಾರನೆಯ ಶತಮಾನದ ಕೊನೆ. ತಿದ್ದುಪಡಿಗಳು: ವಾನ್ವಿತೆಲ್ಲಿ, ಹದಿನೆಂಟನೆಯ ಶತಮಾನ. ಬದಲಾವಣೆಗೆ ಮುಂಚಿನ ಸ್ಥಿತಿಗೆ ನೋಡಿ: ವಸಾರಿ, ೧೫೬೮.