ರಿಂಗೋ ಸ್ಟಾರ್: ಒಂದು ಚಾಟೂಕ್ತಿಯ ಪ್ರಾಮಾಣ್ಯವಿಚಾರ

ಬೀಟಲ್ಸ್ ಎಂಬ ಇಂಗ್ಲಿಷ್ ರಾಕ್ ವಾದ್ಯಗೋಷ್ಠಿಯ ಡ್ರಮ್ ವಾದಕರಾದ ರಿಂಗೋ ಸ್ಟಾರ್ ಅವರನ್ನು ಕುರಿತು ಮಾತನಾಡುವವರು ಒಂದು ಚಾಟೂಕ್ತಿಯನ್ನು ಉದ್ಧರಿಸುವುದು ರೂಢಿಯಾಗಿದೆ. ಇವರು ಜಗತ್ತಿನ ಶ್ರೇಷ್ಠ ಡ್ರಮ್ ವಾದಕರೇ ಎಂಬ ಪ್ರಶ್ನೆಗೆ, ಜಗತ್ತಿನ ಮಾತಿರಲಿ, ಬೀಟಲ್ಸ್ ನಾಲ್ವರಲ್ಲಿಯೇ ಇವರು ಶ್ರೇಷ್ಠರಲ್ಲವೆಂದು ಅದೇ ಗೋಷ್ಠಿಯ ಜಾನ್ ಲೆನನ್ ಉತ್ತರಿಸಿದರಂತೆ. ಈ 'ಅಂತೆ'ಯನ್ನು ಪರೀಕ್ಷಿಸದೆ ಒಪ್ಪಿಕೊಂಡುದರಿಂದ ಒಬ್ಬ ಕಲಾವಿದನ ಜೀವಮಾನದ ದುಡಿಮೆಯೇ ನಗೆಗೀಡಾಗಿದೆ.

ಕೂಟಶಾಸನವನ್ನು ಅದರ ತಿಥಿವಾರಗಳೇ ಬಯಲಿಗೆಳೆಯುವಂತೆ ಇಲ್ಲಿಯೂ ಕಾಲಗಣನೆಯೇ ಸತ್ಯವನ್ನು ಹೊರಗೆಡಹಿದೆ. ಬೀಟಲ್ಸ್ ಚರಿತ್ರಕಾರರಾದ ಮಾರ್ಕ್ ಲೂಯಿಸನ್ ಅವರು ತೋರಿಸಿಕೊಟ್ಟಿರುವಂತೆ, ಈ ಮಾತು 1981ರಲ್ಲಿ ಬಿ.ಬಿ.ಸಿ. ರೇಡಿಯೋದ ಒಂದು ಹಾಸ್ಯ ಕಾರ್ಯಕ್ರಮದಲ್ಲಿ ಬಂದುದು. 1983ರಲ್ಲಿ ಜಾಸ್ಪರ್ ಕ್ಯಾರಟ್ ಎಂಬ ವಿನೋದಕಾರರು ಇದನ್ನು ಬಳಸಿದರು. ಲೆನನ್ ಹತರಾದುದು 1980ರ ಡಿಸೆಂಬರ್ 8ರಂದು. ಅದೇ ವರ್ಷದ ಸಂದರ್ಶನವೊಂದರಲ್ಲಿ ಅವರು, ಸ್ಟಾರ್ ಅವರಲ್ಲಿ ಶಾಸ್ತ್ರೀಯ ತಾಂತ್ರಿಕತೆ ಕಡಿಮೆಯೆಂದು ಒಪ್ಪಿಯೂ, ಅವರು ಬಹಳ ಒಳ್ಳೆಯ ವಾದಕರೆಂದೂ ಅವರಿಗೆ ಸಲ್ಲಬೇಕಾದ ಮನ್ನಣೆ ಸಂದಿಲ್ಲವೆಂದೂ ಹೇಳಿದ್ದರು. ನಿಜವಾದ ಸಾಕ್ಷ್ಯ ಮೂಲೆಗೆ ಬಿದ್ದು, ಸಾಕ್ಷಿಯ ಮರಣಾನಂತರ ಹುಟ್ಟಿದ ನಗೆಮಾತು ಅವರ ಹೆಸರಿನಲ್ಲಿ ಮೆರೆಯಿತು!

ರಿಚರ್ಡ್ ಸ್ಟಾರ್ಕಿ ಎಂಬುದು ಇವರ ಮೂಲ ಹೆಸರು. 1940ರ ಜುಲೈ 7ರಂದು ಲಿವರ್‌ಪೂಲಿನಲ್ಲಿ ಜನನ. ಬಾಲ್ಯದಲ್ಲಿ ಎರಡು ದೀರ್ಘ ಕಾಯಿಲೆಗಳಿಂದ ವಿದ್ಯಾಭ್ಯಾಸ ಮುರಿದುಬಿದ್ದಿತು. ಆರೋಗ್ಯಧಾಮದ ರೋಗಿಗಳ ವಾದ್ಯಮೇಳದಲ್ಲಿಯೇ ಇವರಿಗೆ ತಾಳದ ಗೀಳು ಹತ್ತಿದುದು. 1962ರ ಆಗಸ್ಟ್‌ನಲ್ಲಿ ಪೀಟ್ ಬೆಸ್ಟ್ ಅವರ ಸ್ಥಾನಕ್ಕೆ ಬೀಟಲ್ಸ್ ಸೇರಿದರು.

ಆಕ್ಷೇಪಕರ ಪಕ್ಷದಲ್ಲಿ ಎರಡು ಸಂಗತಿಗಳುಂಟೆಂಬುದನ್ನು ಮರೆಮಾಚಲಾಗದು. 1968ರಲ್ಲಿ ಇವರು ಮುನಿದು ಸುಮಾರು ಎರಡು ವಾರ ಗೋಷ್ಠಿಯನ್ನು ತೊರೆದಿದ್ದಾಗ ಪಾಲ್ ಮೆಕಾರ್ಟ್‌ನಿ ಅವರೇ ಡ್ರಮ್ ನುಡಿಸಿದರು. ಆದರೆ ಇವರನ್ನು ಮರಳಿ ಕರೆಸಿಕೊಂಡವರೂ ಗೋಷ್ಠಿಯ ಸಂಗಡಿಗರೇ, ಹಿಂದಿರುಗಿದಾಗ ಇವರ ಡ್ರಮ್ಮುಗಳು ಹೂವಿನಿಂದ ಅಲಂಕೃತವಾಗಿದ್ದುವು. ಇನ್ನೊಂದು, 1962ರ 'ಲವ್ ಮಿ ಡು' ಗೀತೆಯದು. ಸೆಪ್ಟೆಂಬರ್ 4ರಂದು ಸ್ಟಾರ್ ನುಡಿಸಿದರು. 11ರಂದು ಆಂಡಿ ವೈಟ್ ಎಂಬ ವೃತ್ತಿವಾದಕರನ್ನು ಕರೆಸಿ, ಇವರ ಕೈಗೆ ಟ್ಯಾಂಬೊರಿನ್ ಕೊಡಲಾಯಿತು. ಎರಡು ಧ್ವನಿಮುದ್ರಣಗಳೂ ಉಳಿದಿವೆ. ಅವನ್ನು ಬೇರೆಬೇರೆಯಾಗಿ ಗುರುತಿಸಲು ನಮಗಂತೂ ಆ ಟ್ಯಾಂಬೊರಿನ್ನೇ ಆಸರೆಯಾಯಿತು.

ಕಲಾವಿದನಿಗೆ ಪರಮಪ್ರಮಾಣ ಅವನ ಕೃತಿಯಷ್ಟೆ. ಸ್ಟಾರ್ ಎಡಚರು, ನುಡಿಸುವುದು ಬಲಗೈಯವರಿಗೆಂದು ಜೋಡಿಸಿದ ಡ್ರಮ್ಮುಗಳನ್ನು. ಬಲಗೈಯವನು ಎಡದಿಂದ ಬಲಕ್ಕೆ ನಿರಾಯಾಸವಾಗಿ ಉರುಳಿಸಿಕೊಂಡು ಹೋಗುವ ಪೆಟ್ಟುಗಳು ಎಡಗೈಯನ್ನು ಮುಂದುಮಾಡುವ ಇವರಿಗೆ ತೊಡಕಾಗುತ್ತವೆ. ಹೀಗೆ ಬಂದೊದಗುವ ಸೂಕ್ಷ್ಮವಾದ ವಿಳಂಬವೇ ಇವರ ಶೈಲಿಯ ಗುರುತು. 'ಎ ಡೇ ಇನ್ ದ ಲೈಫ್' (1967) ಗೀತೆಯಲ್ಲಿ ಇವರು ತಾಳವನ್ನು ಕೇವಲ ಎಣಿಸುತ್ತ ಹೋಗುವುದಿಲ್ಲ. ಹಾಡುವ ದನಿ ತಂಗಿದೆಡೆಯಲ್ಲಿ ಭಾರವಾದ ಪೆಟ್ಟುಗಳಿಂದ ಅದಕ್ಕೆ ಉತ್ತರ ಕೊಡುತ್ತಾರೆ. ಇವರು ತಮ್ಮ ಅತ್ಯುತ್ತಮ ವಾದನವೆಂದು ಎಣಿಸುವ 'ರೈನ್' (1966) ಗೀತೆಯ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ ಅಗತ್ಯ. ಅದರ ವಾದ್ಯಭಾಗವನ್ನು ವೇಗವಾಗಿ ನುಡಿಸಿ, ಅನಂತರ ಟೇಪಿನ ಗತಿಯನ್ನು ತಗ್ಗಿಸಲಾಗಿದೆ. ಆದುದರಿಂದ ಅಲ್ಲಿನ ನಾದಗಾಂಭೀರ್ಯದಲ್ಲಿ ಯಂತ್ರಕ್ಕೂ ಒಂದು ಪಾಲು ಸಲ್ಲಬೇಕು. ಪೆಟ್ಟುಗಳ ಕಲ್ಪನೆ ಸ್ಟಾರ್ ಅವರದೇ.