ಸ್ಟಿಕರ್ ಹೇಳದ ವ್ಯಾಟು

ನಮ್ಮ ಕಡೆ ಮಿಕ್ಸಿ ಕೊಳ್ಳೋಕೆ ಅಂಗಡಿಗೆ ಹೋದವರು ಕೇಳುವ ಮೊದಲ ಪ್ರಶ್ನೆ "ಎಷ್ಟು ವ್ಯಾಟು?" ಅಂತ. 500 ವ್ಯಾಟಿಂದು ಚಟ್ನಿಗೆ ಸಾಕು, ದೋಸೆ ಹಿಟ್ಟು ರುಬ್ಬೋಕೆ 750 ಬೇಕು ಅನ್ನೋದು ಅಮ್ಮಂದಿರಿಗೆಲ್ಲ ಗೊತ್ತು. ಬಣ್ಣ, ಕಂಪನಿ, ಜಾರುಗಳ ಸಂಖ್ಯೆ ಎಲ್ಲ ಆಮೇಲಿನ ಮಾತು. ಅದೇ ಮನೆಯ ಮಗ ಮಿಕ್ಸಿಯ ಹದಿನೈದು ಪಟ್ಟು ದುಡ್ಡು ಕೊಟ್ಟು ಗೇಮಿಂಗ್ ಲ್ಯಾಪ್‌ಟಾಪ್ ತರುವಾಗ ಮಾತ್ರ ಈ ಪ್ರಶ್ನೆ ಕೇಳಲ್ಲ. ಕೇಳಬೇಕು ಅಂತ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ಯಾವ ಮಾಡೆಲ್ ಕೊಳ್ಳಬೇಕು ಅನ್ನುವ ಪಟ್ಟಿ ಇಲ್ಲಿ ಸಿಗೋದಿಲ್ಲ. ಅಂಥ ಪಟ್ಟಿಗಳು ಮೂರು ತಿಂಗಳಲ್ಲಿ ಹಳಸುತ್ತವೆ. ನನ್ನ ತಕರಾರು ಇರೋದು ಸ್ಪೆಕ್ ಶೀಟ್ ಅನ್ನುವ ಬರವಣಿಗೆಯ ಬಗ್ಗೆ. ಹೌದು, ಅದೂ ಒಂದು ಬರವಣಿಗೆಯೇ. ಅದಕ್ಕೂ ಶೈಲಿ ಇದೆ, ಯಾವುದನ್ನು ದೊಡ್ಡ ಅಕ್ಷರದಲ್ಲಿ ಹೇಳಬೇಕು, ಯಾವುದನ್ನು ನುಂಗಿಕೊಳ್ಳಬೇಕು ಅನ್ನುವ ಜಾಣತನ ಇದೆ. ಐವತ್ತರಿಂದ ಅರವತ್ತೈದು ಸಾವಿರದ ಲ್ಯಾಪ್‌ಟಾಪುಗಳ ಪುಟಗಳನ್ನು ಒಂದು ವಾರ ಕೂತು ಓದಿದ ಮೇಲೆ ಹೇಳ್ತಿದ್ದೀನಿ: ಒಂದು ಸುಳ್ಳೂ ಹೇಳದೆ ಜನರನ್ನು ದಾರಿ ತಪ್ಪಿಸುವ ಕಲೆಯಲ್ಲಿ ಇದನ್ನು ಮೀರಿಸಿದ್ದು ರಿಯಲ್ ಎಸ್ಟೇಟ್ ಜಾಹೀರಾತು ಒಂದೇ. "ಮೆಟ್ರೋದಿಂದ ಹತ್ತೇ ನಿಮಿಷ" ಅಂತಾರಲ್ಲ, ಯಾವ ಹೊತ್ತಿನಲ್ಲಿ ಅಂತ ಹೇಳದೆ, ಹಾಗೆ.

ಎನ್ವಿಡಿಯಾದ ಆರ್‌ಟಿಎಕ್ಸ್ 3050 ಕಾರ್ಡನ್ನೇ ತಗೊಳ್ಳಿ. 2021ರಲ್ಲಿ ಬಂದದ್ದು, ಈ ಬೆಲೆಯ ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ವರ್ಷಗಟ್ಟಲೆ ಅದರದ್ದೇ ರಾಜ್ಯಭಾರ. ಎನ್ವಿಡಿಯಾ ತಾನೇ ಕೊಟ್ಟ ಲೆಕ್ಕದಲ್ಲಿ ಲ್ಯಾಪ್‌ಟಾಪಿನ 3050 ಓಡುವುದು 35 ವ್ಯಾಟಿನಿಂದ 80 ವ್ಯಾಟಿನ ನಡುವೆ ಎಲ್ಲಿ ಬೇಕಾದರೂ. ಎಷ್ಟು ವ್ಯಾಟು ಅನ್ನೋದನ್ನು ಲ್ಯಾಪ್‌ಟಾಪ್ ಮಾಡುವ ಕಂಪನಿ ತೀರ್ಮಾನಿಸುತ್ತೆ. ತೆಳ್ಳಗಿನ ಮೈ ಬೇಕು, ದೊಡ್ಡ ಫ್ಯಾನಿಗೆ ಜಾಗ ಇಲ್ಲ ಅಂದರೆ ನಲವತ್ತರ ಆಸುಪಾಸಿನಲ್ಲಿ ಕಟ್ಟಿಹಾಕ್ತಾರೆ. ದಪ್ಪಗಿನ, ಎರಡೂವರೆ ಕೆಜಿ ಹತ್ತಿರದ ಮೈಯಾದರೆ ಎಪ್ಪತ್ತೈದೋ ಎಂಬತ್ತೋ ಕೊಡ್ತಾರೆ. ಎರಡರ ಮೇಲೂ ಅದೇ ಹಸಿರು ಸ್ಟಿಕರ್, ಅದೇ ಹೆಸರು. ಆಟ ಆಡುವಾಗ ಮಾತ್ರ ಚಟ್ನಿ ಮಿಕ್ಸಿಗೂ ದೋಸೆ ಹಿಟ್ಟಿನ ಮಿಕ್ಸಿಗೂ ಇರುವ ವ್ಯತ್ಯಾಸ. ಕಡಿಮೆ ವ್ಯಾಟಿನ ದೊಡ್ಡ ಕಾರ್ಡು, ಹೆಚ್ಚು ವ್ಯಾಟಿನ ಸಣ್ಣ ಕಾರ್ಡಿನ ಮುಂದೆ ಮಂಡಿಯೂರಿದ ಉದಾಹರಣೆಗಳೂ ಇವೆ.

ಮೊದಲು ಹೀಗಿರಲಿಲ್ಲ. 2017ರಿಂದ ಕೆಲವು ವರ್ಷ ಕಡಿಮೆ ವ್ಯಾಟಿನ ಕಾರ್ಡುಗಳ ಹೆಸರಿನ ಹಿಂದೆ 'ಮ್ಯಾಕ್ಸ್-ಕ್ಯೂ' ಅಂತ ಬಾಲ ಇರ್ತಿತ್ತು. ಅದನ್ನು ನೋಡಿದರೆ ಸಾಕು, ಇದು ಪಥ್ಯದ ಮೇಲಿರುವ ಕಾರ್ಡು ಅಂತ ಗೊತ್ತಾಗ್ತಿತ್ತು. 30ರ ಸರಣಿ ಬಂದಾಗ ಆ ಬಾಲ ಕತ್ತರಿಸಿದರು. ಜನ ಗಲಾಟೆ ಮಾಡಿದ ಮೇಲೆ, ವ್ಯಾಟು ಎಷ್ಟು ಅಂತ ಲ್ಯಾಪ್‌ಟಾಪ್ ಕಂಪನಿಗಳೇ ತಮ್ಮ ಪುಟದಲ್ಲಿ ಬರೆಯಬೇಕು ಅಂತ ಎನ್ವಿಡಿಯಾ ಹೇಳಿತು. ಕೆಲವರು ಬರೆದಿದ್ದಾರೆ. ಲೆನೊವೊದ ಪಿಎಸ್‌ರೆಫ್ ಪುಟಗಳಲ್ಲಿ ಇದು ಅಚ್ಚುಕಟ್ಟಾಗಿ ಸಿಗುತ್ತೆ, ಮೆಚ್ಚಬೇಕಾದ್ದೇ. ಆದರೆ ನಾವು ನಿಜವಾಗಿ ದುಡ್ಡು ಕಟ್ಟುವ ಆನ್‌ಲೈನ್ ಅಂಗಡಿಯ ಪುಟಕ್ಕೆ ಬರುವಷ್ಟರಲ್ಲಿ ಆ ಸಾಲು ಎಲ್ಲೋ ಉದುರಿಹೋಗಿರುತ್ತೆ. ಕೀಬೋರ್ಡಿನ ಕೆಳಗೆ ಎಷ್ಟು ಬಣ್ಣದ ದೀಪ ಉರಿಯುತ್ತೆ ಅನ್ನುವ ಸಾಲು ಯಾವತ್ತೂ ಉದುರಲ್ಲ.

ಹೆಸರುಗಳ ಆಟ ಇಲ್ಲಿಗೇ ಮುಗಿಯಲ್ಲ. 2050 ಅನ್ನುವ ಕಾರ್ಡು 2021ರ ಡಿಸೆಂಬರ್‌ನಲ್ಲಿ ಬಂತು. ಹೆಸರು 20ರ ಸರಣಿಯದು, ಒಳಗಿನ ಚಿಪ್ಪು 3050ರ ಮನೆತನದ್ದು. ಆದರೆ ಮೆಮೊರಿಗೆ ಹೋಗಿಬರುವ ದಾರಿ 64 ಬಿಟ್ಟಿನಷ್ಟು ಮಾತ್ರ, 4 ಜಿಬಿಯ 3050ಗೆ 128. ನಾಲ್ಕು ಲೇನಿನ ರಸ್ತೆಯನ್ನು ಎರಡು ಲೇನು ಮಾಡಿದ ಹಾಗೆ. ಇನ್ನು 3050 ಅನ್ನುವ ಒಂದೇ ಹೆಸರಿನಲ್ಲಿ 4 ಜಿಬಿಯದೂ ಇದೆ, 2023ರಲ್ಲಿ ಬಂದ 6 ಜಿಬಿಯದೂ ಇದೆ. ಪ್ರೊಸೆಸರ್ ಕಡೆ ಬಂದರೆ ಎಎಮ್‌ಡಿಯ 7000 ಸರಣಿಯಲ್ಲಿ ಮೊದಲ ಅಂಕಿ ಹೊಸತನದ ಭ್ರಮೆ ಹುಟ್ಟಿಸುತ್ತೆ, ನಿಜವಾದ ವಯಸ್ಸು ಮೂರನೇ ಅಂಕಿಯಲ್ಲಿದೆ. 7520 ಅಂದರೆ 2019ರ ವಿನ್ಯಾಸ, 7640 ಅಂದರೆ ಎರಡು ತಲೆಮಾರು ದಾಟಿ ಬಂದ ಝೆನ್ 4. ಇಂಟೆಲ್‌ನ 12450ಎಚ್ ಮತ್ತು 13420ಎಚ್ ಎರಡೂ ಎಂಟೆಂಟು ಕೋರಿನ ಐ5ಗಳು, ಹೆಚ್ಚುಕಡಿಮೆ ಅವಳಿಜವಳಿ. 13 ಅಂತ ಇರೋದಕ್ಕೆ ನಾಲ್ಕು ಸಾವಿರ ಜಾಸ್ತಿ ಕೊಡುವ ಅಗತ್ಯ ಇಲ್ಲ.

ಇದನ್ನೆಲ್ಲ ಬಿಡಿಸಿ ಹೇಳಬೇಕಾದವರು ರಿವ್ಯೂ ಮಾಡುವವರು. ಅವರ ಮೇಲೂ ನನಗೆ ಸಿಟ್ಟಿದೆ, ಆದರೆ ಎಲ್ಲರ ಮೇಲೂ ಅಲ್ಲ. ವ್ಯಾಟು ಅಳೆದು, ಶಾಖ ಅಳೆದು, ಮಾರಾಟಕ್ಕಿರುವ ಮಾದರಿಯನ್ನೇ ತರಿಸಿ ಪರೀಕ್ಷೆ ಮಾಡುವ ಒಂದಿಷ್ಟು ಜನ ಇದ್ದಾರೆ. ಬಹುತೇಕರು ಮಾತ್ರ ವ್ಯಾಲೊರಂಟ್ ಓಡಿಸಿ "ಗುರೂ, 200 ಎಫ್‌ಪಿಎಸ್!" ಅಂತ ಕಿರುಚ್ತಾರೆ. ವ್ಯಾಲೊರಂಟ್ ಅನ್ನೋದು ಆಫೀಸಿನ ಹಳೇ ಲ್ಯಾಪ್‌ಟಾಪಿನಲ್ಲೂ ಓಡಲಿ ಅಂತಲೇ ಕಟ್ಟಿದ ಆಟ. ಅದರಲ್ಲಿ ಪಾಸಾಯಿತು ಅನ್ನೋದು ಪರೀಕ್ಷೆಯಲ್ಲಿ ತನ್ನ ಹೆಸರು ಸರಿಯಾಗಿ ಬರೆದ ಅಂದ ಹಾಗೆ.

ಇನ್ನೊಂದು, ಸರಾಸರಿ ಎಫ್‌ಪಿಎಸ್. ಸಿಲ್ಕ್ ಬೋರ್ಡ್ ಮೇಲೆ ದಿನಾ ಓಡಾಡುವವರಿಗೆ ಸರಾಸರಿಯ ಬಗ್ಗೆ ನಾನೇನು ಹೇಳಲಿ. ಸರಾಸರಿ ವೇಗ ಗಂಟೆಗೆ ಇಪ್ಪತ್ತು ಕಿಲೋಮೀಟರ್ ಅಂದರೆ ಹಾಯಾಗಿ ಇಪ್ಪತ್ತರಲ್ಲಿ ಹೋದೆವು ಅಂತಲ್ಲ. ಹತ್ತು ನಿಮಿಷ ನಿಂತೇ ಇದ್ದು ಆಮೇಲೆ ನುಗ್ಗಿದೆವು ಅಂತ. ಆಟದಲ್ಲೂ 60 ಸರಾಸರಿ ತೋರಿಸುವ ಲ್ಯಾಪ್‌ಟಾಪ್, ಶತ್ರು ಎದುರಿಗೆ ಬಂದ ಕ್ಷಣದಲ್ಲೇ 15ಕ್ಕೆ ಇಳಿದು ತಡವರಿಸಬಹುದು. 4 ಜಿಬಿ ಕಾರ್ಡಿನಲ್ಲಿ ಆಗೋದು ಇದೇ. ಕಾರ್ಡಿನ ಸ್ವಂತ ಮೆಮೊರಿ ತುಂಬಿದ ಮೇಲೆ ಅದು ಲ್ಯಾಪ್‌ಟಾಪಿನ ರ‍್ಯಾಮಿನಿಂದ ಕಡ ತರೋಕೆ ಶುರುಮಾಡುತ್ತೆ. ಒಲೆ ಪಕ್ಕದ ಕಟ್ಟೆ ಮೇಲೆ ಜಾಗ ಇಲ್ಲ ಅಂತ ಒಗ್ಗರಣೆಯ ಸಾಸಿವೆಯನ್ನು ಅಟ್ಟದ ಮೇಲಿಟ್ಟರೆ ಏನಾಗುತ್ತೋ ಅದೇ. 2024ರ ಇಂಡಿಯಾನಾ ಜೋನ್ಸ್ ಆಟ ಕನಿಷ್ಠ ಅಂತಲೇ 8 ಜಿಬಿ ಕಾರ್ಡು ಕೇಳುತ್ತೆ. ಅಂಥ ಆಟಗಳ ಹೆಸರು ಹಾಕಿ 4 ಜಿಬಿ ಲ್ಯಾಪ್‌ಟಾಪನ್ನು "ಭವಿಷ್ಯಕ್ಕೂ ಸಿದ್ಧ" ಅಂತ ಮಾರೋದು ನನ್ನ ಪ್ರಕಾರ ಮೋಸಕ್ಕೆ ತೀರಾ ಹತ್ತಿರದ್ದು.

ಇಷ್ಟು ಕೋಪ ಯಾಕೆ ಅಂದರೆ, ಈ ಬೆಲೆಯಲ್ಲಿ ಕೊಳ್ಳುವವರು ಯಾರು ಅಂತ ನೋಡಿ. ಒಂದೂವರೆ ಲಕ್ಷದ್ದು ಕೊಳ್ಳುವವನು ತಪ್ಪು ಆರಿಸಿದರೂ ಅವನ ಆಟ ಓಡುತ್ತೆ. ಐವತ್ತೈದು ಸಾವಿರದವನಿಗೆ ಎರಡನೇ ಅವಕಾಶ ಇಲ್ಲ. ನನ್ನ ಚಿಕ್ಕಮ್ಮನ ಮಗ ತಿಪಟೂರಿನವನು, ಮೈಸೂರಿನಲ್ಲಿ ಮೆಕ್ಯಾನಿಕಲ್ ಓದ್ತಿದ್ದಾನೆ. ಚಿಕ್ಕಪ್ಪ ಆ ಸಲದ ಕೊಬ್ಬರಿ ಮಾರಿದ ದುಡ್ಡಿನಲ್ಲಿ ಐವತ್ತೆಂಟು ಸಾವಿರ ತೆಗೆದಿಟ್ಟು "ಓದಿಗೂ ಆಗಬೇಕು, ನಾಲ್ಕು ವರ್ಷ ಬರಬೇಕು" ಅಂದಿದ್ದರು. ಆಟದ ವಿಷಯ ಅವರಿಗೆ ಹೇಳಿರಲಿಲ್ಲ. ನನಗೆ ಹೇಳಿದ್ದ. ಕ್ಯಾಡ್ ಸಾಫ್ಟ್‌ವೇರಿಗೂ ಇದೇ ಕಾರ್ಡು ಬೇಕಲ್ಲಾ ಅಕ್ಕಾ ಅಂತ ಸಮಜಾಯಿಷಿನೂ ಕೊಟ್ಟಿದ್ದ, ಅದು ನಿಜವೇ.

ಎಸ್‌ಪಿ ರೋಡಿನ ಅಂಗಡಿಯೊಂದರಲ್ಲಿ ಎರಡು ಲ್ಯಾಪ್‌ಟಾಪ್ ಮುಂದಿಟ್ಟರು. ಒಂದು ತೆಳ್ಳಗೆ ಚೆಂದ, ಐ7 ಸ್ಟಿಕರ್, 2050 ಕಾರ್ಡು, 16 ಜಿಬಿ ರ‍್ಯಾಮ್. ಇನ್ನೊಂದು ಇಟ್ಟಿಗೆಯ ಹಾಗೆ ದಪ್ಪ, ಐ5, 6 ಜಿಬಿಯ 3050, ರ‍್ಯಾಮ್ 8 ಜಿಬಿ ಮಾತ್ರ. ಬೆಲೆಯಲ್ಲಿ ಸಾವಿರದ ಫರಕು.

"ಮೇಡಂ, ಐ7 ತಗೊಳ್ಳಿ. ಗೇಮಿಂಗಿಗೆ ಪ್ರೊಸೆಸರೇ ಮುಖ್ಯ, ಕಾರ್ಡು ಎಲ್ಲಾ ಒಂದೇ" ಅಂದ ಅಂಗಡಿ ಹುಡುಗ.

ನಮ್ಮ ಹುಡುಗನ ಕಣ್ಣೂ ತೆಳ್ಳಗಿನದರ ಮೇಲೇ. "ಅಕ್ಕಾ, ಹಾಸ್ಟೆಲಲ್ಲಿ ಎಲ್ಲರೂ ಐ7 ಇಟ್ಕೊಂಡಿದ್ದಾರೆ."

ನಾನು ಎರಡರ ಚಾರ್ಜರ್ ಕೇಳಿದೆ. ವ್ಯಾಟು ಬರೆಯದ ಲ್ಯಾಪ್‌ಟಾಪಿನ ಗುಟ್ಟು ಬಿಟ್ಟುಕೊಡುವುದು ಚಾರ್ಜರೇ. ಅದರ ಬೆನ್ನ ಮೇಲೆ ಔಟ್‌ಪುಟ್ ಅಂತ ವೋಲ್ಟು, ಆಂಪಿಯರ್ ಅಚ್ಚಾಗಿರುತ್ತೆ, ಎರಡನ್ನೂ ಗುಣಿಸಿದರೆ ವ್ಯಾಟು. 20 ವೋಲ್ಟು 6 ಆಂಪಿಯರ್ ಅಂದರೆ 120. ಅದರಲ್ಲೇ ಪ್ರೊಸೆಸರ್, ಸ್ಕ್ರೀನು, ಫ್ಯಾನು ಎಲ್ಲ ಊಟ ಮಾಡಬೇಕು, ಮಿಕ್ಕಿದ್ದು ಕಾರ್ಡಿಗೆ. ಇದು ಅಂದಾಜು ಅಷ್ಟೇ. ಖಚಿತ ಬೇಕಾದರೆ ಡೆಮೊಗೆ ಇಟ್ಟಿರುವ ಲ್ಯಾಪ್‌ಟಾಪಿನಲ್ಲಿ ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದು ಸಿಸ್ಟಮ್ ಇನ್ಫರ್ಮೇಶನ್ ಒತ್ತಿ, 'ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್' ಅನ್ನುವ ಸಾಲಿನಲ್ಲಿ ಅಂಕಿ ಇರುತ್ತೆ. ಅಂಗಡಿ ಹುಡುಗನಿಗೂ ಅದು ಹೊಸ ವಿಷಯ, ಆಸಕ್ತಿಯಿಂದ ಬಗ್ಗಿ ನೋಡಿದ. ಇಟ್ಟಿಗೆಯೇ ಗೆದ್ದಿತು.

ರ‍್ಯಾಮ್ 8 ಜಿಬಿ ಆಯಿತಲ್ಲ ಅಂದರೆ, ಅದು ಆಮೇಲೆ ಸರಿಮಾಡಬಹುದಾದ ಕೊರತೆ. ಈ ಬಜೆಟ್ಟಿನಲ್ಲಿ ನಾನು ನಂಬುವ ಸೂತ್ರ ಅಂದರೆ ಇದೊಂದೇ: ಮುಂದೆ ಬದಲಾಯಿಸೋಕೆ ಆಗದೇ ಇರುವುದಕ್ಕೆ ಇವತ್ತಿನ ದುಡ್ಡು ಹಾಕಿ. ಕಾರ್ಡು, ಅದರ ವ್ಯಾಟು, ಫ್ಯಾನು ಇವು ಲ್ಯಾಪ್‌ಟಾಪ್ ಸಾಯುವವರೆಗೂ ಅವೇ. ರ‍್ಯಾಮ್, ಎಸ್‌ಎಸ್‌ಡಿ ಹಾಗಲ್ಲ, ಎರಡನೇ ಸ್ಲಾಟು ಖಾಲಿ ಇದ್ದರೆ. ಇದೆಯಾ ಅಂತ ಮೊದಲೇ ಕೇಳಿ, ಹಿಂದಿನ ಮುಚ್ಚಳ ಬಿಚ್ಚಿದರೆ ವಾರಂಟಿಯ ಕತೆ ಏನು ಅಂತಲೂ ಕೇಳಿ. ಒಂದು ರ‍್ಯಾಮ್ ಜೊತೆ ಇನ್ನೊಂದು ಕೂತಾಗ ಡೇಟಾ ಹೋಗುವ ದಾರಿಯೂ ಎರಡಾಗುತ್ತೆ, ಆಟದಲ್ಲಿ ತಡವರಿಕೆ ಕಡಿಮೆಯಾಗುತ್ತೆ. ಅವನಿಗೆ ಎರಡನೇ ರ‍್ಯಾಮ್ ಕೊಡಿಸಿದ್ದು ನಾನು, ಹುಟ್ಟುಹಬ್ಬದ ಲೆಕ್ಕದಲ್ಲಿ.

ಸ್ಕ್ರೀನಿನ ವಿಷಯದಲ್ಲಿ ಮಾತ್ರ ರಾಜಿ ಮಾಡಿಕೊಂಡೆವು. 144 ಹರ್ಟ್ಸ್ ಅಂತ ಢಾಣಾಡಂಗುರ ಸಾರ್ತಾರೆ, ಅದರ ಕೆಳಗೆ 45% ಎನ್‌ಟಿಎಸ್‌ಸಿ ಅಂತ ಸಣ್ಣಕ್ಷರ. ಅಂದರೆ ಮಾಮೂಲಿ ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಮೂರನೇ ಎರಡು ಭಾಗವೂ ಕಾಣಲ್ಲ. ಕೆಂಪು ಇಟ್ಟಿಗೆ ಬಣ್ಣ ಆಗುತ್ತೆ. ಫೋಟೊ, ವಿಡಿಯೊ ಎಡಿಟಿಂಗ್ ಮಾಡುವವರಾದರೆ ಈ ಸ್ಕ್ರೀನ್ ಬೇಡ, ಖಂಡಿತ ಬೇಡ. ಅವನಿಗೆ ನಡೆಯುತ್ತೆ.

ಬ್ಯಾಟರಿಯ ಬಗ್ಗೆ ಭ್ರಮೆ ಇಟ್ಟುಕೊಳ್ಳಬೇಡಿ. ಚಾರ್ಜರ್ ತೆಗೆದ ಕೂಡಲೇ ಕಾರ್ಡು ಶಕ್ತಿ ಕುಂದಿಸಿಕೊಳ್ಳುತ್ತೆ. ಪಿಜಿಯಲ್ಲಿ ಕರೆಂಟ್ ಹೋದರೆ ಆಟ ಮುಗಿಯಿತು ಅಂತಲೇ ಅರ್ಥ. ಹಾಗಾದರೆ ಡೆಸ್ಕ್‌ಟಾಪೇ ತಗೋಬಹುದಲ್ಲ ಅಂತ ಕೇಳುವವರಿಗೆ: ಹೌದು, ಒಂದೇ ಮನೆಯಲ್ಲಿ, ಒಂದೇ ಟೇಬಲ್ ಮುಂದೆ ಕೂರುವವರಾದರೆ ಅದೇ ದುಡ್ಡಿಗೆ ಅದೇ ಮೇಲು. ಹನ್ನೊಂದು ತಿಂಗಳಿಗೊಮ್ಮೆ ರೂಮು ಬದಲಾಯಿಸುವವರ ಹತ್ತಿರ ಈ ಮಾತು ಆಡಬೇಡಿ.

ಹಬ್ಬದ ಸೇಲಿನಲ್ಲಿ ಕೊಳ್ಳುವವರಿಗೆ 'ನೋ ಕಾಸ್ಟ್ ಇಎಮ್‌ಐ' ಬಗ್ಗೆ ಎರಡು ಮಾತು. ಬಹಳಷ್ಟು ಕ್ರೆಡಿಟ್ ಕಾರ್ಡುಗಳಲ್ಲಿ ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತೆ, ಅಷ್ಟು ಮೊತ್ತವನ್ನು ಅಂಗಡಿಯವರು ಬೆಲೆಯಲ್ಲಿ ಮುರಿದುಕೊಡ್ತಾರೆ. ಆ ಬಡ್ಡಿಯ ಮೇಲೆ 18% ಜಿಎಸ್‌ಟಿ ನಮ್ಮ ತಲೆಗೇ. ಬಡ್ಡಿ 3,000 ಅಂದರೆ 540 ರೂಪಾಯಿ, ಜೊತೆಗೆ ಪ್ರೊಸೆಸಿಂಗ್ ಫೀಸು. ದೊಡ್ಡ ಮೊತ್ತವೇನಲ್ಲ, ಆದರೆ ಅಷ್ಟರಲ್ಲಿ ಸ್ಟೀಮ್ ಸೇಲಿನಲ್ಲಿ ಒಂದೋ ಎರಡೋ ಒಳ್ಳೆ ಹಳೇ ಆಟ ಬರುತ್ತೆ.

ಹಳೇ ಆಟ ಅಂದೆ. ಈ ಬೆಲೆಯ ಲ್ಯಾಪ್‌ಟಾಪನ್ನು ಮಾರಬೇಕಾದದ್ದು ಹಾಗೆ ಅಂತ ನನ್ನ ವಾದ. ಮುಂದಿನ ವರ್ಷ ಬರುವ ಆಟದ ಚಿತ್ರವನ್ನು ಡಬ್ಬದ ಮೇಲೆ ಹಾಕುವ ಬದಲು, ಕಳೆದ ಹತ್ತು ವರ್ಷದ ಆಟಗಳನ್ನು ಇದು ಸೊಗಸಾಗಿ ಆಡಿಸುತ್ತೆ ಅಂತ ಯಾಕೆ ಹೇಳಬಾರದು? 2015ರ ವಿಚರ್ 3, 2017ರ ಹಾಲೊ ನೈಟ್, 2019ರ ಸೆಕಿರೊ, 2020ರ ಹೇಡೀಸ್, ಪುಣೆಯ ಹುಡುಗರು ಮಾಡಿದ ರಾಜಿ, ಸೆಟ್ಟಿಂಗ್ ಸ್ವಲ್ಪ ಇಳಿಸಿಕೊಂಡರೆ ರೆಡ್ ಡೆಡ್ ರಿಡೆಂಪ್ಶನ್ 2. ಕೆಲಸ, ಟ್ರಾಫಿಕ್ಕು, ನಿದ್ದೆ ಕಳೆದು ವಾರಕ್ಕೆ ಐದಾರು ಗಂಟೆ ಸಿಗುವ ನಮ್ಮಂಥವರಿಗೆ ಇಷ್ಟು ಮುಗಿಸೋಕೇ ಎರಡು ವರ್ಷ ಬೇಕು. ನಮ್ಮ ಹುಡುಗ ಈಗ ವಿಚರ್ ಆಡ್ತಿದ್ದಾನೆ. ಫ್ಯಾನಿನ ಸದ್ದಿಗೆ ರೂಮ್‌ಮೇಟ್ ಬೈತಾನಂತೆ, ಅದಕ್ಕೆ ಒಂದು ಹೆಡ್‌ಫೋನ್ ಬೇಕಂತೆ, ರೂಮ್‌ಮೇಟಿಗೆ.